ಬೆಳಕಿನ ವೇಗ, ದ್ರಾಕ್ಷಿಯ ಆಯುಷ್ಯ

ಕೊರೋನಾ ರೋಗವನ್ನು ತಡೆಯಲೆಂದು 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿದಾಗ, ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿಯ ಕೊಯ್ಲು ನಡೆದಿತ್ತು. ಪೇಟೆಗಳು ಸ್ತಬ್ಧವಾದವು; ಮಾಗಿದ ಹಣ್ಣು ಮಾತ್ರ ಕಾಯುವಂಥದಲ್ಲ. ಆಗ ಕರ್ನಾಟಕದ ಹಲವು ಬೆಳೆಗಾರರು ದಲ್ಲಾಳಿಯನ್ನು ಬಿಟ್ಟು ಮೊಬೈಲನ್ನು ಹಿಡಿದರು. ಹಣ್ಣಿನ ಚಿತ್ರವನ್ನೂ ಬೆಲೆಯನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ನಗರದ ಗಿರಾಕಿಗಳಿಗೆ ನೇರವಾಗಿ ಮಾರಿದರು.

ಇಂಡಿ ತಾಲ್ಲೂಕಿನ ಹೊರ್ತಿಯಿಂದ ಬೆಂಗಳೂರು 500 ಕಿಲೋಮೀಟರಿಗೂ ದೂರ. ಮೊಬೈಲಿನ ಸಂದೇಶ ಇಂಥ ದೂರವನ್ನು ಬಹುಮಟ್ಟಿಗೆ ಗಾಜಿನ ಎಳೆಗಳಲ್ಲಿ ಬೆಳಕಾಗಿ ಕ್ರಮಿಸುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಅಂದರೆ 500 ಕಿಲೋಮೀಟರಿಗೆ ಸೆಕೆಂಡಿನ 400ನೆಯ ಒಂದು ಪಾಲು ಸಾಕು. ನಡುವಣ ಯಂತ್ರಗಳ ವಿಳಂಬವನ್ನು ಕೂಡಿಸಿದರೂ ಅದು ಕ್ಷಣಮಾತ್ರದ ಕೆಲಸ. ಲಾರಿಗಾದರೋ ಒಂದು ರಾತ್ರಿಯೇ ಬೇಕು. ಲಾರಿಯೇ ಸಿಗದಿದ್ದರೆ?

ಆಗ ನೆರವಾದುದು ಹಳೆಯ ವಿದ್ಯೆ. ಮಾರಾಟವಾಗದ ದ್ರಾಕ್ಷಿಯನ್ನು ವಿಜಯಪುರದ ಅನೇಕ ರೈತರು ಒಣಗಿಸಿದರು. ಹಸಿ ದ್ರಾಕ್ಷಿಯ ತೂಕದಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಒಣದ್ರಾಕ್ಷಿಯಲ್ಲಿ ಸುಮಾರು 15. ಆದ್ದರಿಂದ 4 ಕಿಲೋ ಹಣ್ಣು ಹೆಚ್ಚುಕಡಮೆ 1 ಕಿಲೋಗೆ ಇಳಿಯುತ್ತದೆ. ನೀರು ಸಾಲದೆ ಸೂಕ್ಷ್ಮಜೀವಿಗಳು ಬೆಳೆಯಲಾರವು. ಸರಕು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಗಿರಾಕಿಯನ್ನು ನಿಧಾನವಾಗಿ ಹುಡುಕಲೂ ಅವಕಾಶವಾಗುತ್ತದೆ.

ವಿದ್ಯಾರ್ಥಿಗಳೇ, ನಿಮ್ಮೂರಿನ ಸಣ್ಣ ವ್ಯಾಪಾರಿಗೆ ಅಂತರ್ಜಾಲದ ಮಾರಾಟವನ್ನು ಕಲಿಸಹೊರಟಾಗ ಮೊದಲು ಅವರ ಸರಕು ಎಷ್ಟು ದಿನ ತಾಳೀತೆಂದು ಕೇಳಿರಿ. ಚಿತ್ರ ತೆಗೆಯುವುದು ಅನಂತರದ ಕೆಲಸ.