ಹಗಲಿನ ಕಚೇರಿ, ಇರುಳಿನ ಪ್ರಯೋಗಶಾಲೆ

ಹೊಟ್ಟೆಪಾಡಿಗೆ ಒಂದು ಉದ್ಯೋಗ, ಮನಸ್ಸು ಒಲಿದ ಇನ್ನೊಂದು ಸಾಧನೆ. ಇವೆರಡನ್ನೂ ಒಬ್ಬನೇ ನಿರ್ವಹಿಸುವುದು ಸಾಧ್ಯವೆ? ಹಗಲೆಲ್ಲ ಲೆಕ್ಕಪತ್ರಗಳನ್ನು ನೋಡಿ ರಾತ್ರಿ ಕಥೆ ಬರೆಯುವ ಗುಮಾಸ್ತರೂ, ಪಾಠ ಮುಗಿಸಿ ಚಿತ್ರ ರಚಿಸುವ ಉಪಾಧ್ಯಾಯರೂ ನಮ್ಮ ನಡುವೆ ಅನೇಕರಿದ್ದಾರೆ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮ್ಮ ಬಳಿಗೂ ಪದವಿ ಮುಗಿಸಿದ ತರುಣರು ಈ ಪ್ರಶ್ನೆಯನ್ನು ತರುವುದುಂಟು. ನೌಕರಿಯನ್ನು ಬಿಡಬೇಕೆ, ಇಲ್ಲವೆ ಆಸೆಯನ್ನು ಬಿಡಬೇಕೆ ಎಂಬುದೇ ಅವರ ಚಿಂತೆ. ಎರಡನ್ನೂ ಬಿಡದೆ ವರ್ಷಗಟ್ಟಲೆ ಬಾಳಿದವರ ನಿದರ್ಶನಗಳು ವಿಜ್ಞಾನದ ಚರಿತ್ರೆಯಲ್ಲಿವೆ. ಅವರು ಅದನ್ನು ಹೇಗೆ ಸಾಧಿಸಿದರೆಂಬುದನ್ನು ಇಲ್ಲಿ ಪರಿಶೀಲಿಸೋಣ.

ನಮಗೆ ಅತ್ಯಂತ ಸಮೀಪದ ನಿದರ್ಶನ ಚಂದ್ರಶೇಖರ ವೆಂಕಟರಾಮನ್ ಅವರದು. 1907ರಲ್ಲಿ ಅವರು ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ನೇಮಕಗೊಂಡರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಭಾರತದಲ್ಲಿ ವಿಜ್ಞಾನವನ್ನೇ ವೃತ್ತಿಯಾಗಿ ನಂಬಿ ಬದುಕುವ ಅವಕಾಶ ಅಂದು ಅತ್ಯಲ್ಪವಾಗಿತ್ತು. ಒಮ್ಮೆ ಟ್ರಾಮಿನಲ್ಲಿ ಹೋಗುತ್ತಿರುವಾಗ ಬೌಬಜಾರ್ ಬೀದಿಯಲ್ಲಿ ಒಂದು ನಾಮಫಲಕ ಅವರ ಕಣ್ಣಿಗೆ ಬಿತ್ತು. ಅದು ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಸಂವರ್ಧನ ಸಂಸ್ಥೆ. ಅಲ್ಲಿ ಪ್ರಯೋಗಶಾಲೆಯಿದ್ದಿತು, ಆದರೆ ಅದನ್ನು ಬಳಸುವವರಿರಲಿಲ್ಲ.

ಅಂದಿನಿಂದ ರಾಮನ್ನರ ದಿನಚರಿ ವಿಲಕ್ಷಣವಾಯಿತು. ಮುಂಜಾನೆ ಐದೂವರೆಗೆ ಪ್ರಯೋಗಶಾಲೆ. ಒಂಬತ್ತೂಮುಕ್ಕಾಲಿಗೆ ಮನೆಗೆ ಬಂದು, ಸ್ನಾನಮಾಡಿ, ಅವಸರದಲ್ಲಿ ಉಂಡು ಕಚೇರಿಗೆ ಪ್ರಯಾಣ. ಸಂಜೆ ಐದಕ್ಕೆ ಕಚೇರಿಯಿಂದ ನೇರವಾಗಿ ಮತ್ತೆ ಪ್ರಯೋಗಶಾಲೆ. ರಾತ್ರಿ ಒಂಬತ್ತೂವರೆಗೋ ಹತ್ತಕ್ಕೋ ಮನೆ. ಭಾನುವಾರವಂತೂ ಇಡೀ ದಿನ ಅಲ್ಲಿಯೇ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ 1911ರಲ್ಲಿ ಹಿಂದಿರುಗಿದ ಮೇಲೂ ಈ ಕ್ರಮ ತಪ್ಪಲಿಲ್ಲ. ಮುಂದೆ ಅವರು ಸಂಸ್ಥೆಯ ಪಕ್ಕದಲ್ಲಿಯೇ ಮನೆ ಹಿಡಿದರು.

ಅವರು ಆರಿಸಿಕೊಂಡ ವಿಷಯವೂ ಗಮನಾರ್ಹವಾದುದು. ಕಮಾನಿನಿಂದ ಉಜ್ಜಿದ ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ? ಏಕತಾರಿಯ ನಾದಕ್ಕೆ ಕಾರಣವೇನು? ಇಂತಹ ಪ್ರಶ್ನೆಗಳಿಗೆ ಅಪಾರ ಧನ ಬೇಕಿಲ್ಲ. ಬೆಳಗ್ಗೆ ಅಣಿಗೊಳಿಸಿದ ತಂತಿಯನ್ನು ಹಾಗೆಯೇ ಬಿಟ್ಟು ಕಚೇರಿಗೆ ಹೋಗಿ ಬಂದರೂ ಸಂಜೆ ಕೆಲಸವನ್ನು ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಸಂಬಳ ಬೇರೆಡೆಯಿಂದ ಬರುತ್ತಿದ್ದುದರಿಂದ ಯಾವ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕೆಂದು ವಿಧಿಸುವವರೂ ಇರಲಿಲ್ಲ. ಸ್ಥಿರವಾದ ಉದ್ಯೋಗದಿಂದ ದೊರೆಯುವ ಈ ಸ್ವಾತಂತ್ರ್ಯವನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಆಲ್ಬರ್ಟ್ ಐನ್‌ಸ್ಟೈನನೂ ನೌಕರನಾಗಿದ್ದನು. 1902ರಲ್ಲಿ ಸೇರಿದ ಆತನಿಗೆ ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಕೆಲಸ. ಬೆಳಕಿನ ಕಣಗಳು, ಬ್ರೌನೀಯ ಚಲನೆ, ಸಾಪೇಕ್ಷತೆ ಇವುಗಳನ್ನು ಕುರಿತ 1905ರ ಪ್ರಸಿದ್ಧ ಲೇಖನಗಳನ್ನು ಬರೆದಾಗ ಆತ ಆ ಕಚೇರಿಯ ಮೂರನೆಯ ದರ್ಜೆಯ ತಜ್ಞ. ಆತನ ವಿಚಾರಗಳಿಗೆ ಕಿವಿಗೊಟ್ಟು ಚರ್ಚಿಸುತ್ತಿದ್ದ ಗೆಳೆಯ ಮಿಕೆಲೆ ಬೆಸ್ಸೊ ಅದೇ ಕಚೇರಿಯ ಸಹೋದ್ಯೋಗಿ. ಸಾಪೇಕ್ಷತೆಯ ಲೇಖನದ ಕೊನೆಯಲ್ಲಿ ಐನ್‌ಸ್ಟೈನನು ಕೃತಜ್ಞತೆ ಸಲ್ಲಿಸಿರುವುದು ಆತನಿಗೇ.

ಇವರು ಉಳಿದವರಿಗಿಂತ ಹೆಚ್ಚು ಗಂಟೆಗಳನ್ನು ಪಡೆದು ಬಂದವರಲ್ಲ. ಇದ್ದ ಗಂಟೆಗಳು ಸೋರಿಹೋಗದಂತೆ ನೋಡಿಕೊಂಡವರು. ಇದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸಿಗೆ ಏರಿಸಲು ಸುಮಾರು 100 ಕ್ಯಾಲೊರಿ ಶಾಖ ಬೇಕು. ಕುದಿಯುವ ಆ ನೀರನ್ನೆಲ್ಲ ಆವಿಯಾಗಿಸಲು ಇನ್ನೂ 540 ಕ್ಯಾಲೊರಿ ಬೇಕು. ಇದೇ ಗುಪ್ತೋಷ್ಣ. ಈಗ ನಮ್ಮಲ್ಲಿ ದಿನಕ್ಕೆ 120 ಕ್ಯಾಲೊರಿಗಾಗುವಷ್ಟೇ ಸೌದೆ ಇದೆಯೆನ್ನೋಣ. ನೀರು ಪೂರ್ತಿ ತಣ್ಣಗಾಗಿದ್ದರೆ ಅದನ್ನು ಕುದಿಸುವುದಕ್ಕೇ 100 ಕ್ಯಾಲೊರಿ ವೆಚ್ಚವಾಗಿ ಆವಿಗೆ ಉಳಿಯುವುದು 20 ಮಾತ್ರ. ಪಾತ್ರೆಯನ್ನು ಮುಚ್ಚಿಟ್ಟು ನೀರನ್ನು 90 ಡಿಗ್ರಿಯಲ್ಲಿ ಕಾಪಾಡಿಕೊಂಡಿದ್ದರೆ 110 ಉಳಿಯುತ್ತದೆ. ಸೌದೆ ಅಷ್ಟೇ, ಫಲ ಐದೂವರೆ ಪಟ್ಟು!

ಸಂಜೆಯ ಎರಡು ಗಂಟೆಯಲ್ಲಿ ಬರೆಯುವವರ ಸ್ಥಿತಿಯೂ ಇದೇ. ಕಾಗದ ಹುಡುಕಿ, ಹಿಂದೆ ಬರೆದುದನ್ನು ನೆನಪು ಮಾಡಿಕೊಳ್ಳುವುದರಲ್ಲಿಯೇ ಒಂದೂವರೆ ಗಂಟೆ ಕಳೆದರೆ ಬರೆವಣಿಗೆಗೆ ಉಳಿಯುವುದೇನು? ಗೊತ್ತಾದ ಸ್ಥಳ, ಗೊತ್ತಾದ ವೇಳೆ, ಅಣಿಯಾಗಿಯೇ ಇರುವ ಸಾಮಗ್ರಿ, ಮಾತಿಗೆ ಒದಗುವ ಒಬ್ಬ ಗೆಳೆಯ ಇವೇ ಪಾತ್ರೆಯ ಮುಚ್ಚಳ. ಕುದಿಯುವ ನೀರಿಗೆ ಎಷ್ಟು ಶಾಖ ಕೊಟ್ಟರೂ ಉಷ್ಣಮಾಪಕದ ಪಾದರಸ ಮೇಲೇರುವುದಿಲ್ಲವೆಂಬುದನ್ನೂ ನೆನೆಯಬೇಕು. ರಾಮನ್ನರ ಆ ಹತ್ತು ವರ್ಷಗಳು ನೋಡುವವರಿಗೆ ಹಾಗೆಯೇ ಕಂಡಿರಬಹುದು.

ಹಾಗಾದರೆ ನೌಕರಿಯನ್ನು ಬಿಡುವುದು ಯಾವಾಗ? ರಾಮನ್ನರು ಬಿಟ್ಟುದು 1917ರಲ್ಲಿ, ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪದವಿಗೆ ಬಂದಾಗ. ಅಲ್ಲಿಯ ಸಂಬಳ ಸರ್ಕಾರಿ ಸಂಬಳಕ್ಕಿಂತ ಬಹಳ ಕಡಿಮೆ. ಐನ್‌ಸ್ಟೈನನು ಬಿಟ್ಟುದು 1909ರಲ್ಲಿ, ಜೂರಿಕ್ ವಿಶ್ವವಿದ್ಯಾನಿಲಯದಲ್ಲಿ ಸಂಬಳದ ಹುದ್ದೆ ದೊರೆತ ಮೇಲೆ. ಇವರಿಗಿಂತ ಬಹು ಹಿಂದೆ ಇಂಗ್ಲೆಂಡಿನ ಬಾತ್ ನಗರದಲ್ಲಿದ್ದ ವಿಲಿಯಂ ಹರ್ಷೆಲನದೂ ಇದೇ ಕಥೆ. ಆತ ವೃತ್ತಿಯಿಂದ ಸಂಗೀತಗಾರ. ರಾತ್ರಿ ದೂರದರ್ಶಕದ ಮುಂದೆ ನಿಲ್ಲುವುದು ಆತನ ಹಂಬಲ. 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡುಹಿಡಿದಾಗಲೂ ಆತ ಸಂಗೀತ ಪಾಠವನ್ನು ಬಿಟ್ಟಿರಲಿಲ್ಲ. ಮರುವರ್ಷ ರಾಜನು ವಾರ್ಷಿಕ 200 ಪೌಂಡುಗಳನ್ನು ಗೊತ್ತುಮಾಡಿದ ಮೇಲೆಯೇ ಬಿಟ್ಟನು. ಆ ಮೊತ್ತವೂ ಸಂಗೀತದ ಆದಾಯಕ್ಕಿಂತ ಕಡಿಮೆಯದೇ. ಮೂವರೂ ಬರಿಯ ಕನಸನ್ನು ನಂಬಿ ಹೊರಬಿದ್ದವರಲ್ಲ; ಹೊಸ ದಾರಿಯಲ್ಲಿ ಕಾಲೂರಲು ನೆಲ ಕಂಡ ಮೇಲೆ, ಆದಾಯ ಹೆಚ್ಚಲಿಲ್ಲವೆಂದು ಹಿಂಜರಿದವರೂ ಅಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಬಾಬನ್ನು ಮರೆಯಬಾರದು. ರಾಮನ್ನರು ರಾತ್ರಿ ಹತ್ತಕ್ಕೆ ಬರುವವರೆಗೆ ಪರಸ್ಥಳದಲ್ಲಿ ಮನೆ ನಡೆಸಿದವರು ಅವರ ಪತ್ನಿ ಲೋಕಸುಂದರಿ. ದರ್ಪಣವನ್ನು ಉಜ್ಜುವಾಗ ಕೈ ತೆಗೆಯಲಾಗದ ಹರ್ಷೆಲನಿಗೆ ತುತ್ತು ತಿನ್ನಿಸಿದವಳು ತಂಗಿ ಕ್ಯಾರೊಲೀನ್. ಒಮ್ಮೆ ಆ ಕೆಲಸ ಹದಿನಾರು ಗಂಟೆಗಳವರೆಗೆ ನಡೆಯಿತು. ಆಕೆಯೂ ಮುಂದೆ ಎಂಟು ಧೂಮಕೇತುಗಳನ್ನು ಕಂಡವಳು. 1787ರಲ್ಲಿ ರಾಜನಿಂದ ವರ್ಷಕ್ಕೆ 50 ಪೌಂಡು ಸಂಬಳ ಪಡೆದವಳು. ಒಬ್ಬರ ಸಾಧನೆಗೆ ವೆಚ್ಚವಾಗುವ ಗಂಟೆಗಳಲ್ಲಿ ಮನೆಯವರ ಗಂಟೆಗಳೂ ಸೇರಿರುತ್ತವೆ. ಅವರಲ್ಲಿಯೂ ಇಂತಹುದೇ ಹಂಬಲವಿರಬಹುದು.

ಆದುದರಿಂದ ನಮ್ಮನ್ನು ಕೇಳುವ ತರುಣರಿಗೆ ನಾವು ಹೇಳುವುದಿಷ್ಟೆ: ನೌಕರಿಯನ್ನು ಶತ್ರುವೆಂದು ಭಾವಿಸಬೇಡಿ. ನಿಮಗಿರುವ ವೇಳೆಗೆ ಹೊಂದುವ ಕೆಲಸವನ್ನು ಆರಿಸಿಕೊಳ್ಳಿ, ಮನೆಯವರೊಡನೆ ಕುಳಿತು ವೇಳೆಯನ್ನು ಹಂಚಿಕೊಳ್ಳಿ, ಪಾತ್ರೆ ಆರದಂತೆ ನೋಡಿಕೊಳ್ಳಿ. ಕಚೇರಿಯನ್ನು ಬಿಡಬೇಕಾದ ದಿನ ಬಂದರೆ ಅದನ್ನು ನಿಮ್ಮ ಕೆಲಸವೇ ತಿಳಿಸುವುದು.