ಹಳ್ಳದ ಆಚೆಯ ಹೊಲಕ್ಕೆ ಪ್ಲೈವುಡ್ ದೋಣಿ

ಒಣಬೇಸಾಯದವನಿಗೆ ದೋಣಿ ಯಾಕೆ ಅಂತ ಕೇಳುವವರು ಬೆಣ್ಣಿಹಳ್ಳ ನೋಡಿಲ್ಲ. ಬೇಸಿಗೆಯಲ್ಲಿ ಅದರಲ್ಲಿ ಎಮ್ಮೆ ಮೈ ತೋಯುವಷ್ಟೂ ನೀರು ಇರೋದಿಲ್ಲ. ಆದರೆ ಮೇಲೆ ಕುಂದಗೋಳ, ಹುಬ್ಬಳ್ಳಿ ಕಡೆ ದೊಡ್ಡ ಮಳೆಯಾದರೆ, ನವಲಗುಂದದ ನಮ್ಮ ಎರೆಹೊಲಕ್ಕೆ ಬಿಸಿಲು ಇದ್ದಾಗಲೇ ನೀರು ನುಗ್ಗುತ್ತದೆ. ತುಪ್ಪರಿಹಳ್ಳವೂ ಇದಕ್ಕೇ ಬಂದು ಕೂಡುತ್ತದೆ. 2009ರಲ್ಲಿ ಬಂತು, 2019ರ ಆಗಸ್ಟಿನಲ್ಲಿ ಮತ್ತೆ ಬಂತು.

2019ರಲ್ಲಿ ನನ್ನ ತಮ್ಮ ಜೋಡಿ ಎತ್ತಿನ ಸಂಗಡ ಹಳ್ಳದ ಆಚೆ ದಿಬ್ಬದ ಮೇಲೆ ಸಿಕ್ಕಿಬಿದ್ದ. ಸೆಳವು ಒಂದೂವರೆ ದಿನಕ್ಕೆ ಇಳಿಯಿತು. ತಗ್ಗಿನಲ್ಲಿ ನಿಂತ ನೀರು ಮಾತ್ರ ಮತ್ತೆ ಮೂರು ದಿನ ಹೋಗಲಿಲ್ಲ. ಎದೆಮಟ್ಟ ನೀರು, ಕೆಳಗೆ ಮೊಣಕಾಲು ಹುಗಿಯುವ ರಾಡಿ. ನಡೆಯಲಿಕ್ಕೂ ಆಗದು, ಈಜಲಿಕ್ಕೂ ಆಗದು. ತಮ್ಮ ಉಳಿದ. ಮೇವಿಲ್ಲದೆ ನೆನೆದು ಕುಸಿದ ಒಂದು ಎತ್ತು ಉಳಿಯಲಿಲ್ಲ. “ಅಣ್ಣಾ, ಎರಡು ಸೂಡು ಕಣಕಿ ದಾಟಿಸಿದ್ರ ಸಾಕಿತ್ತು” ಅಂತ ಅವನು ಇವತ್ತಿಗೂ ಅನ್ನುತ್ತಾನೆ. ಆ ಮಾತಿಗೆ ದೋಣಿ ಮಾಡಿದ್ದು.

ಹಂಪಿ, ಆನೆಗೊಂದಿಯ ಹರಿಗೋಲು ಮೊದಲು ನೆನಪಾಯಿತು. ಬಿದಿರು ಹೆಣೆದು, ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅದು ದುಂಡಗಿರುವುದರಿಂದ ತಿರುಗುತ್ತದೆ. ನಡೆಸಲು ಪಳಗಿದ ಕೈ ಬೇಕು, ಎಂಜಿನ್ ಕಟ್ಟಲು ಜಾಗವಿಲ್ಲ. ಪ್ಲೈವುಡ್ ದೋಣಿ ಹಾಗಲ್ಲ. ದೊಡ್ಡ ದಿಮ್ಮಿ ಸಿಗುವುದು ಕಷ್ಟವಾದಾಗ, 1980ರ ದಶಕದಲ್ಲಿ ಕನ್ಯಾಕುಮಾರಿ, ತಿರುವನಂತಪುರ ಕಡೆಯ ಮೀನುಗಾರರು ಪ್ಲೈವುಡ್ಡಿಗೆ ಬಂದರು. ಹಾಳೆಗಳನ್ನು ತಂತಿಯಿಂದ ಹೊಲಿದು ಅಂಟಿಸುವ ಸುಲಭ ರೀತಿ 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ‘ಮಿರರ್’ ಎಂಬ ಚಿಕ್ಕ ದೋಣಿಯಿಂದ ಹೆಸರಾಯಿತು. ನಮ್ಮ ಕರಾವಳಿಯವರಿಗೆ ಇದೇನು ಹೊಸದಲ್ಲ. ಅವರು ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹಿಂದಿನಿಂದಲೂ ಹೊಲಿಯುತ್ತ ಬಂದವರು.

ಕೆಲಸ ಮಾಡಿದ್ದು ಹುಬ್ಬಳ್ಳಿ ವಿದ್ಯಾನಗರದಲ್ಲಿ, ಮಗನ ಬಾಡಿಗೆ ಮನೆಯ ಪೋರ್ಚಿನಲ್ಲಿ. ಸಾಮಾನೆಲ್ಲ ಹುಬ್ಬಳ್ಳಿಯಲ್ಲೇ ಸಿಗುತ್ತದೆ. ಗುರುತಿನ ಬಡಿಗೇರರೊಬ್ಬರು ಜೊತೆಗಿದ್ದರು.

ಮೊದಲ ದೋಣಿ ಕೆಟ್ಟದ್ದು

ಮೊದಲ ಸಲ ಕಪಾಟಿಗೆ ಬಳಸುವ ಅಗ್ಗದ ಪ್ಲೈವುಡ್ ತಂದೆ. ಮೇಲೆ ಪೇಂಟ್ ಹಚ್ಚಿದರೆ ನೀರು ಒಳಗೆ ಹೋಗೋದಿಲ್ಲ ಅಂದುಕೊಂಡೆ. ಸ್ನೇಹಿತರ ಕೃಷಿಹೊಂಡದಲ್ಲಿ ಎರಡು ದಿನ ಬಿಟ್ಟೆ. ಪದರು ಪದರಾಗಿ ಹಪ್ಪಳದಂತೆ ಉಬ್ಬಿತು. ತಪ್ಪು ನನ್ನದೇ.

ಪ್ಲೈವುಡ್ಡಿನಲ್ಲಿ ಮರಕ್ಕಿಂತ ಒಳಗಿನ ಅಂಟು ಮುಖ್ಯ. ಹಾಳೆಯ ಮೇಲೆ ಐ.ಎಸ್. 303 ಅಂತ ಇದ್ದರೆ ಅದು ಮನೆಯ ಸಾಮಾನಿಗೆ. ಐ.ಎಸ್. 710 ಅಂತ ಇದ್ದರೆ ಮರೈನ್ ಪ್ಲೈವುಡ್. ಇದರ ತುಂಡನ್ನು 72 ತಾಸು ನೀರಿನಲ್ಲಿ ಕುದಿಸಿದರೂ ಪದರು ಬಿಡಬಾರದು ಅಂತ ನಿಯಮ. ಎರಡನೇ ಸಲ ಅಂಗಡಿಯಿಂದ ಗೇಣುದ್ದದ ತುಂಡು ಕೇಳಿ ತಂದು ಎಂಟು ತಾಸು ಕುದಿಸಿ ನೋಡಿದೆ. ಬಿಡಲಿಲ್ಲ. ಆಮೇಲೆ ದುಡ್ಡು ಕೊಟ್ಟೆ.

ಅಳತೆ ಮತ್ತು ಹೊಲಿಗೆ

8 ಅಡಿ ಉದ್ದ, 4 ಅಡಿ ಅಗಲ, 6 ಮಿ.ಮೀ. ದಪ್ಪದ ಎರಡೇ ಹಾಳೆ ಸಾಕು. ಒಂದು ಹಾಳೆಯಲ್ಲಿ ತಳ: ಉದ್ದ ಏಳೂವರೆ ಅಡಿ, ಹಿಂದೆ 3 ಅಡಿ ಅಗಲ, ಮುಂದೆ ಎರಡು ಅಡಿಗೆ ಕಿರಿದು. ಇನ್ನೊಂದರಲ್ಲಿ 16 ಇಂಚು ಎತ್ತರದ ಎರಡು ಪಕ್ಕ. ಪಕ್ಕಗಳು ಬಾಗಬೇಕಾದ್ದರಿಂದ ಅವುಗಳನ್ನು ಪೂರಾ 8 ಅಡಿ ಬಿಡಬೇಕು. ಉಳಿದ ತುಂಡುಗಳಲ್ಲಿ ಮುಂದಿನ ಹಲಗೆ, ಹಿಂದಿನ ಹಲಗೆ, ಕೂರುವ ಪಟ್ಟಿ. ಎಂಜಿನ್ ನಡುಗುವುದರಿಂದ ಹಿಂದಿನ ಹಲಗೆಯನ್ನು ಎರಡು ಪದರು ಮಾಡಿ, ಸುತ್ತ ಸಾಗವಾನಿ ಪಟ್ಟಿ ಕೊಡಬೇಕು. ಕೊಯ್ಯುವ ಮೊದಲು ರಟ್ಟಿನಲ್ಲಿ ಚಿಕ್ಕ ನಮೂನೆ ಮಾಡಿ ನೋಡಿರಿ.

ಅಂಚುಗಳಲ್ಲಿ ಆರು ಇಂಚಿಗೊಂದು ಸಣ್ಣ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿಯಬೇಕು. ಚೀಲದ ಬಾಯಿ ಹೊಲಿದಂತೆ ಸುಲಭ. ದೋಣಿ ಸೊಟ್ಟಾಗಿಲ್ಲ ಎಂದು ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿ, ನಂತರ ಎಪಾಕ್ಸಿ ಅಂಟಿಗೆ ನುಣುಪಾದ ಮರದ ಪುಡಿ ಕಲಸಿ ಒಳಮೂಲೆಗೆ ಮೆತ್ತಬೇಕು. ಅದು ಗಟ್ಟಿಯಾದ ಮೇಲೆ ತಂತಿ ತೆಗೆದು, ಒಳಗೂ ಹೊರಗೂ ಮೂರು ಇಂಚಿನ ಫೈಬರ್ ಪಟ್ಟಿ ಅಂಟಿಸಬೇಕು. ಕೊಯ್ದ ಅಂಚುಗಳೇ ನೀರು ಕುಡಿಯುವ ಬಾಯಿ. ಅವಕ್ಕೆ ಎರಡು ಮೂರು ಸಲ ಅಂಟು ಕುಡಿಸಬೇಕು. ಬಾಗಿಲಿಗೆ ಹಚ್ಚುವ ಬಿಳಿ ಅಂಟು ಇದಕ್ಕೆ ಬರೋದಿಲ್ಲ.

ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲೇ ಕೂಡಿಸಬೇಕು. ಒಂದೇ ಸಲ ಡಬರಿ ತುಂಬ ಕಲಸಿದರೆ ತಾನೇ ಕಾದು ಹೊಗೆ ಎದ್ದು ಕಲ್ಲಾಗುತ್ತದೆ. ನನಗೆ ಹಾಗೆ ಆಯಿತು. “ಅಂಬಲಿ ಕಾಸಿದಂಗ ಮಾಡಬ್ಯಾಡ್ರಿ ಯಜಮಾನ್ರ, ಬಟ್ಟಲದಾಗ ಸ್ವಲ್ಪ ಸ್ವಲ್ಪ ಕಲಸ್ರಿ” ಅಂದರು ಬಡಿಗೇರರು. ಬೆಳಿಗ್ಗೆ ತಂಪಿನಲ್ಲಿ, ಕೈಚೀಲ ಹಾಕಿಕೊಂಡು ಮಾಡುವುದು ಒಳ್ಳೆಯದು. ಎಂಜಿನ್ ಬಿಟ್ಟು ನನಗೆ ಸುಮಾರು 18 ಸಾವಿರ ರೂಪಾಯಿ ಖರ್ಚಾಯಿತು. ಕೆಟ್ಟ ದೋಣಿಯ ಲೆಕ್ಕ ಬೇರೆ.

ಎಷ್ಟು ಭಾರ ಹೊರುತ್ತದೆ?

ನಾನು ಏಳನೆಯತ್ತೆವರೆಗೆ ಓದಿದವನು. ಅಲ್ಲಿ ಕಲಿತ ಆರ್ಕಿಮಿಡಿಸನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಂತು. ದೋಣಿ ಎಷ್ಟು ತೂಕದ ನೀರನ್ನು ಬದಿಗೆ ತಳ್ಳುತ್ತದೋ ಅಷ್ಟೇ ತೂಕ ಹೊರುತ್ತದೆ. ನನ್ನ ದೋಣಿಯ ತಳ ಸುಮಾರು 20 ಚದರಡಿ. ಒಂದು ಘನ ಅಡಿ ನೀರು 28 ಕಿಲೋ. ಅಂದರೆ ಒಂದು ಇಂಚು ಮುಳುಗಿದರೆ 47 ಕಿಲೋ. ದೋಣಿ 45 ಕಿಲೋ, ಎಂಜಿನ್ ಮತ್ತು ಪೆಟ್ರೋಲ್ 15, ಇಬ್ಬರು ಜನ 130, ಒಟ್ಟು 190 ಕಿಲೋ. ನಾಲ್ಕು ಇಂಚು ಮುಳುಗುತ್ತದೆ, 12 ಇಂಚು ಮೇಲೆ ಉಳಿಯುತ್ತದೆ. ಪಕ್ಕದಲ್ಲಿ ಹತ್ತು ಇಂಚಿಗಿಂತ ಕಡಿಮೆ ಉಳಿಯುವಂತೆ ಭಾರ ಹಾಕಬಾರದು. ಆ ಗುರುತಿಗೆ ಕೆಂಪು ಗೆರೆ ಎಳೆದಿದ್ದೇನೆ. ಕೂರುವ ಪಟ್ಟಿಯ ಕೆಳಗೆ 20 ಲೀಟರಿನ ನಾಲ್ಕು ಖಾಲಿ ಎಣ್ಣೆ ಕ್ಯಾನು ಬಿಗಿದು ಮುಚ್ಚಿ ಕಟ್ಟಿದ್ದೇನೆ. ನೀರು ತುಂಬಿದರೂ ಹಿಡಿದುಕೊಳ್ಳಲು ದೋಣಿ ತೇಲುತ್ತಿರಬೇಕು.

ಎಂಜಿನ್

ಕಳೆ ಕತ್ತರಿಸುವ ಪೆಟ್ರೋಲ್ ಯಂತ್ರದ ಬ್ಲೇಡ್ ತೆಗೆದು, ಉದ್ದ ದಂಡದ ತುದಿಗೆ ದೋಣಿಯ ಪಂಖಾ ಜೋಡಿಸಿದೆ. ಥಾಯ್ಲೆಂಡಿನಲ್ಲಿ ಇಂಥ ಉದ್ದ ಬಾಲದ ಎಂಜಿನ್ ಬಹಳ. ಜಾಲಿಕಂಟಿ, ಅಂತರಗಂಗೆ ಅಡ್ಡ ಬಂದರೆ ಬಾಲ ಎತ್ತಿದರಾಯಿತು. ಪಂಖಾಕ್ಕೆ ಸುತ್ತ ಕಬ್ಬಿಣದ ಬಳೆ ಹಾಕಿಸಿರಿ.

ಹೆಚ್ಚು ಅಶ್ವಶಕ್ತಿ ಹಾಕಿದರೆ ಹೆಚ್ಚು ವೇಗ ಅಂದುಕೊಳ್ಳಬೇಡಿರಿ. ಇಂಥ ಗಿಡ್ಡ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ದಾಟಲಾರದು. ಭಾರ ಹೊತ್ತಾಗ ಗಂಟೆಗೆ 6-7 ಕಿ.ಮೀ. ಅದರ ಮಿತಿ. ಇಲ್ಲೇ ಮುಖ್ಯ ಮಾತು ಇದೆ. ಹೊಳೆಯ ಸೆಳವು ಅದಕ್ಕಿಂತ ಜೋರಾಗಿದ್ದರೆ, ನೀವು ದೋಣಿ ನಡೆಸುತ್ತಿಲ್ಲ, ಹಳ್ಳ ನಿಮ್ಮನ್ನು ಒಯ್ಯುತ್ತಿದೆ ಅಂತ ತಿಳಿಯಿರಿ. ದಂಡೆಯ ಮೇಲೆ 10 ಮೀಟರ್ ಅಳೆದು ಎರಡು ಗೂಟ ನೆಟ್ಟು, ಜೋಳದ ದಂಟು ಒಗೆದು ಎಣಿಸಿರಿ. ಹತ್ತು ಸೆಕೆಂಡಿಗಿಂತ ಮೊದಲೇ ಎರಡನೇ ಗೂಟ ದಾಟಿದರೆ ದೋಣಿ ಬಿಡಬಾರದು.

ಜೀವರಕ್ಷಕ ಜಾಕೀಟು ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು. 2019ರ ಜನವರಿಯಲ್ಲಿ ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತದ್ದು ಮರೆಯಬಾರದು. ಕಾನೂನೂ ಇದೆ. 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ಎಂಜಿನ್ ದೋಣಿಗೆ ನೋಂದಣಿ ಬೇಕು. ನಾನು ಇದನ್ನು ತಡವಾಗಿ ತಿಳಿದೆ. ಈಗ ಅರ್ಜಿ ಕೊಟ್ಟು, ಅಲ್ಲಿಯವರೆಗೆ ಎಂಜಿನ್ ಬಿಚ್ಚಿಟ್ಟು ಹುಟ್ಟು ಹಾಕುತ್ತಿದ್ದೇನೆ. ಓಣಿಯ ಹುಡುಗರು “ಉಣಕಲ್ ಕೆರಿಗೆ ಬಿಡೂಣು ನಡೀರಿ ಅಜ್ಜಾರ” ಅಂದರು. ಅನುಮತಿ ಇಲ್ಲದೆ ಬೇಡವೆಂದೆ.

2022ರ ಮಳೆಯಲ್ಲಿ ತಮ್ಮ ಮತ್ತೆ ಆಚೆ ಉಳಿದ. ಮನೆಯಾಕೆ “ದೋಣಿ ಐತೆಲ್ರೀ, ಹೋಗ್ರಿ” ಅಂತ ಅಳುತ್ತ ನಿಂತಳು. ದಂಟು ಒಗೆದು ನೋಡಿದೆ. ನಾಲ್ಕು ಎಣಿಸುವುದರೊಳಗೆ ದಾಟಿ ಹೋಯಿತು. ದಂಡೆಯ ಮೇಲೆ ಕೂತೆ. ಆ ರಾತ್ರಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ದಂಟಿಗೆ ಹದಿನೈದು ಸೆಕೆಂಡು ಹಿಡಿಯಿತು. ಬುತ್ತಿ ಒಂದು ಗಂಟು, ಕಣಕಿ ನಾಲ್ಕು ಸೂಡು ಹೇರಿಕೊಂಡು ಹೋದೆ. ಎತ್ತು ಎರಡೂ ನಿಂತಿದ್ದವು.