ಯಾರ ಕಣ್ಣಿಗೆ ಅಸಲಿ?

ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು ನಮ್ಮ ಕೌದಳ್ಳಿ ಮೇಲೇ ಹೋಗುತ್ತದೆ. ಆ ಬಸ್ಸಿನಲ್ಲಿ ಒಮ್ಮೆ ಪಕ್ಕ ಕೂತಿದ್ದ ಸೋಲಿಗರ ಹಿರೀಕರೊಬ್ಬರು ಅಂದರು: "ಬಿದ್ರು ಕಡುದ್ರ ಕಳ್ಳ ಅಂತರ ಕನಪ್ಪ, ಈ ಕಳೆ ಕುಯ್ದ್ರ ಕಲೆ ಅಂತರ." ದಲಿತ ವಿಮರ್ಶೆ ಎಲ್ಲಿಂದ ಶುರುವಾಗಬೇಕು ಎಂದು ಕೇಳಿದರೆ, ಆ ಮಾತಿನಿಂದ ಎನ್ನುತ್ತೇನೆ.

ಅವರು ಹೇಳಿದ ಕಳೆ ಲಾಂಟಾನ. ಅಮೆರಿಕ ಖಂಡದ ಗಿಡ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ತಂದದ್ದು ನಮ್ಮ ಕಾಡನ್ನೇ ಕವಿಯಿತು. ಬಿದಿರಿನಲ್ಲಿ ಬುಟ್ಟಿ ಹೆಣೆಯುತ್ತಿದ್ದ ಕೈಗಳಿಗೆ ಬಿದಿರು ಸಿಗುವುದು ಕಷ್ಟವಾದಾಗ, ಈ ಶತಮಾನದ ಮೊದಲ ದಶಕದಲ್ಲಿ ಏಟ್ರೀ ಸಂಸ್ಥೆ ಬೆಟ್ಟದಲ್ಲಿ ಲಾಂಟಾನದ ಕೆಲಸ ಕಲಿಸಿತು. ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ, ಸೋಫಾ, ಆಟಿಕೆ ಮಾಡುತ್ತಾರೆ. ಕೂಲಿ ಹುಟ್ಟಿತು, ಅದು ಸಣ್ಣ ಮಾತಲ್ಲ. ಆದರೆ ಪೇಟೆಯವರು ಅದನ್ನು ಕೊಂಡು "ಆದಿವಾಸಿಗಳ ಪುರಾತನ ಕಲೆ" ಅಂದುಬಿಡುತ್ತಾರೆ. ಆ ಸೋಫಾ ಯಾವ ಪೋಡಿನ ಗುಡಿಸಲಿಗೆಂದು ಹುಟ್ಟಿದ್ದು?

ಇದು ನಮ್ಮ ಬೆಟ್ಟದ ಕತೆ ಮಾತ್ರವಲ್ಲ. ಲಾಂಟಾನ ಬಂದ ಆ ಖಂಡದಲ್ಲೇ ನವಾಹೋ ಎಂಬ ಮೂಲನಿವಾಸಿಗಳಿದ್ದಾರೆ. 1864ರಲ್ಲಿ ಅಮೆರಿಕದ ಸೈನ್ಯ ಅವರನ್ನು ನೆಲ ಬಿಡಿಸಿ ಅಟ್ಟಿತು, 1868ರಲ್ಲಿ ಮರಳಿದರು. ಮೆಕ್ಸಿಕೋದವರಿಂದ ಕಲಿತ ಬೆಳ್ಳಿ ಕೆಲಸ ಅವರಲ್ಲಿ ಬೆಳೆಯಿತು. ದಪ್ಪ ಬೆಳ್ಳಿ, ತೊಡುವುದಕ್ಕೂ ಅದೇ, ಕಷ್ಟಕ್ಕೆ ಗಿರವಿ ಇಡುವುದಕ್ಕೂ ಅದೇ. ಆಮೇಲೆ ರೈಲು ಬಂತು. 1899ರಿಂದ ಫ್ರೆಡ್ ಹಾರ್ವೆ ಕಂಪನಿ ರೈಲಿನ ಪ್ರವಾಸಿಗರಿಗೆಂದು ತೆಳು ಬಳೆ, ಉಂಗುರ ಮಾಡಿಸಿತು. ಮೇಲೆ ಬಾಣ, ಗುಡುಗಿನ ಹಕ್ಕಿಯ ಅಚ್ಚು. ಆ ಚಿಹ್ನೆಗಳಿಗೆ ಅರ್ಥ ಕಟ್ಟಿ ಪಟ್ಟಿ ಅಚ್ಚುಹಾಕಿಸಿದವರು ವ್ಯಾಪಾರಿಗಳು. ಮಾಡಿದವರ ಹೆಸರು ಬಹುಪಾಲು ಒಡವೆಗಳ ಮೇಲೆ ಇಲ್ಲ.

ಹಾಗಂತ ಆ ಬಳೆಯನ್ನು ಖೋಟಾ ಅನ್ನಲಾರೆ. ಸುತ್ತಿಗೆ ಹಿಡಿದ ಕೈ ಖೋಟಾ ಅಲ್ಲ, ಹಸಿದ ಹೊಟ್ಟೆಯೂ ಅಲ್ಲ. ಖೋಟಾ ಇದ್ದದ್ದು ಅರ್ಥದ ಪಟ್ಟಿ.

ನಮ್ಮ ಬರವಣಿಗೆಗೂ ಇಂಥ ಪಟ್ಟಿಯೊಂದಿದೆ. ದಲಿತ ಬರೆದರೆ ಹಸಿವು, ಅವಮಾನ, ಸಿಟ್ಟು ಇರಬೇಕು. ಇದ್ದರೆ ಅಸಲಿ, ಇಲ್ಲದಿದ್ದರೆ ಅನುಮಾನ. 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂದಾಗ ಭಾಷೆ ತಿಳಿಯೋದಿಲ್ಲ ಎಂದು ಗೊಣಗಿದವರಿದ್ದರು. ಆದರೆ ಆ ಕೃತಿ ಕೊಳ್ಳುವವರ ಅಳತೆಗೆ ತೆಳುವಾಗಲಿಲ್ಲ.

ಆದ್ದರಿಂದ ವಿಮರ್ಶಕ ಮೊದಲು ಕೇಳಬೇಕಾದ್ದು "ಇದು ಅಸಲಿಯಾ?" ಎಂದಲ್ಲ. ಯಾರಿಗಾಗಿ ಮಾಡಿದ್ದು, ಬೆಲೆ ಕಟ್ಟಿದವರು ಯಾರು, ಕೂಲಿ ಎಷ್ಟು, ಅರ್ಥ ಹೇಳಿದವರು ಯಾರು ಎಂದು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನೂ ಕಿರು ಅರಣ್ಯ ಉತ್ಪನ್ನವೆಂದು ಎಣಿಸಿದೆ. ಆ ಹಿರೀಕರಿಗೆ ನಮ್ಮ ಮೆಚ್ಚುಗೆಗಿಂತ ಮೊದಲು ಆ ಬಿದಿರು ಬೇಕು.